ಕಡಿಮೆ ಖರ್ಚಿನಲ್ಲಿ ಅಚ್ಚು ಮತ್ತು ಎರಕ: ಮಾಡೆಲ್ ಹವ್ಯಾಸಿಗಳಿಗೆ ಸಮಗ್ರ ಮಾರ್ಗದರ್ಶಿ

ಪುಟ್ಟ ರೈಲಿಗೆ ಒಂದೇ ಥರದ ಹನ್ನೆರಡು ಚಕ್ರ ಬೇಕು. ಕೋಟೆ ಗೋಡೆಗೆ ನೂರಾರು ಇಟ್ಟಿಗೆ ಬೇಕು. ಹಡಗಿನ ಎರಡೂ ಬದಿಗೆ ಸಾಲು ಫಿರಂಗಿ ಬೇಕು. ಮೊದಲನೆಯದನ್ನು ಕೈಯಲ್ಲಿ ಕೆತ್ತುವುದು ಖುಷಿ ಕೊಡುತ್ತದೆ, ಐದನೆಯದಕ್ಕೆ ಬರುವಷ್ಟರಲ್ಲಿ ಸಾಕಪ್ಪಾ ಸಾಕು ಅನಿಸುತ್ತದೆ. ಒಂದನ್ನು ಚೆನ್ನಾಗಿ ಮಾಡಿ, ಅದರ ಅಚ್ಚು ತೆಗೆದು, ಉಳಿದದ್ದನ್ನು ಎರಕ ಹೊಯ್ದುಕೊಂಡರೆ ಕೆಲಸ ಸಲೀಸು.

ಇದಕ್ಕೆಂದೇ ತಯಾರಾದ ಮೋಲ್ಡಿಂಗ್ ಸಿಲಿಕೋನ್ ಮತ್ತು ರೆಸಿನ್ (ಹೊಯ್ದ ಮೇಲೆ ಗಟ್ಟಿ ಪ್ಲಾಸ್ಟಿಕ್ ಆಗುವ ದ್ರವ) ಸಿಗುತ್ತವೆ. ಆದರೆ ಕಲಿಯುವಾಗ ಹಾಳಾಗುವುದೇ ಜಾಸ್ತಿ. ಹಾಳಾದರೂ ಬೇಜಾರಾಗದ ಅಗ್ಗದ ಸಾಮಾನಿನಲ್ಲಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಸಂದು ಮುಚ್ಚುವ ಸಿಲಿಕೋನ್ ಸೀಲೆಂಟ್, ಕಾರ್ನ್ ಫ್ಲೋರ್, ಜೆಲಟಿನ್, ಪ್ಲಾಸ್ಟರ್ ಆಫ್ ಪ್ಯಾರಿಸ್ (ಪಿಓಪಿ) ಇಷ್ಟರಲ್ಲೇ ಬೇಕಾದಷ್ಟು ಪ್ರಯೋಗ ಮಾಡಬಹುದು.

ಅಚ್ಚನ್ನೂ ಎರಕವನ್ನೂ ಜೋಡಿಯಾಗಿ ನೋಡಿ

ಹೊಸಬರು ಸಾಮಾನ್ಯವಾಗಿ ಕೇಳುವುದು "ಯಾವ ಅಚ್ಚು ಒಳ್ಳೆಯದು?" ಅಂತ. ಅದರೊಳಗೆ ಏನು ಹೊಯ್ಯುತ್ತೀರಿ ಅಂತ ಗೊತ್ತಾಗದೆ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಯಾವುದೇ ಜೋಡಿ ಆರಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇವೆರಡೂ ಒಂದಕ್ಕೊಂದು ಅಂಟುತ್ತವಾ? ಎರಕ ಗಟ್ಟಿಯಾಗುವಾಗ ಬರುವ ಬಿಸಿಯನ್ನು ಅಚ್ಚು ತಡೆಯುತ್ತಾ? ಅಚ್ಚಿನಲ್ಲಿರುವ ನೀರು ಎರಕವನ್ನು ಕೆಡಿಸುತ್ತಾ?

ಸಿಲಿಕೋನಿಗೆ ಸಿಲಿಕೋನೇ ಅಂಟುತ್ತದೆ, ಗಾಜೂ ಅಂಟುತ್ತದೆ, ಬೇರೆಯವು ಹೆಚ್ಚಾಗಿ ಅಂಟುವುದಿಲ್ಲ. ಪ್ಲಾಸ್ಟರಿನ ಮೇಲೆ ಪ್ಲಾಸ್ಟರ್ ಹೊಯ್ದರೆ ಎರಡೂ ಸೇರಿ ಒಂದೇ ಕಲ್ಲಾಗುತ್ತದೆ. ಜೆಲಟಿನ್ ಅಚ್ಚಿಗೆ ಬಿಸಿ ಆಗಿಬರುವುದಿಲ್ಲ. ಪಾಲಿಯುರೆಥೇನ್ ರೆಸಿನ್ನಿಗೆ ನೀರು ಆಗಿಬರುವುದಿಲ್ಲ, ತೇವ ತಗುಲಿದರೆ ನೊರೆ ಬಂದು ಉಬ್ಬುತ್ತದೆ. ಹಾಗಾಗಿ ಜೆಲಟಿನ್ ಅಚ್ಚಿನಲ್ಲಿ ಪಾಲಿಯುರೆಥೇನ್ ಅನ್ನೋದು ಶುರುವಿಗೇ ಕೆಟ್ಟ ಜೋಡಿ. ಮುಂದೆ ಬರುವ ಪ್ರತಿಯೊಂದು ಸಾಮಾನಿಗೂ ಈ ಮೂರು ಪ್ರಶ್ನೆ ಅನ್ವಯಿಸುತ್ತವೆ.

ಅಂಗಿ ಗುಂಡಿಯಿಂದ ಶುರು ಮಾಡಿ

ನಿಮ್ಮ ಒಳ್ಳೆಯ ಮಾಡೆಲನ್ನು ಮೊದಲ ದಿನವೇ ಸೀಲೆಂಟಿನಲ್ಲಿ ಮುಳುಗಿಸಬೇಡಿ. ಒಂದು ಪ್ಲಾಸ್ಟಿಕ್ ಅಂಗಿ ಗುಂಡಿ ತೆಗೆದುಕೊಳ್ಳಿ. ಪರೀಕ್ಷೆಗೆ ಬೇಕಾದ್ದೆಲ್ಲ ಅದರಲ್ಲಿದೆ. ಸುತ್ತ ಉಬ್ಬಿದ ಅಂಚು, ನಡುವೆ ತಗ್ಗು, ದಾರ ಹೋಗುವ ನಾಲ್ಕು ತೂತು. ಸೂಜಿಯಿಂದ ಮೇಲೆ ಎರಡು ಸಣ್ಣ ಗೀರು ಎಳೆಯಿರಿ, ಒಂದು ಆಳ, ಒಂದು ತೀರಾ ತೆಳು. ತೂತುಗಳಿಗೆ ಹಿಂದಿನಿಂದ ಮಾಡೆಲಿಂಗ್ ಕ್ಲೇ ತುಂಬಿ. ಇಲ್ಲದಿದ್ದರೆ ಅಚ್ಚಿನ ಸಾಮಾನು ತೂತಿನೊಳಗೆ ಇಳಿದು, ಹಿಂಬದಿ ಹರಡಿ, ಗುಂಡಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಎರಕ ಹೊರಬಂದಾಗ ತೆಳು ಗೀರು ಕಂಡರೆ ಅಚ್ಚು ಚೆನ್ನಾಗಿದೆ ಎಂದರ್ಥ. ಆಳದ್ದು ಮಾತ್ರ ಕಂಡರೆ ಇಟ್ಟಿಗೆ, ಕಲ್ಲು, ಮರದ ದಿಮ್ಮಿಗೆ ಸಾಕು, ಮುಖ ಕಣ್ಣು ಇರುವ ಬೊಂಬೆಗೆ ಸಾಲದು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಹಿಟ್ಟಿನ ಪ್ರಮಾಣವನ್ನೂ ಬದಲಿಸಿ, ಎಣ್ಣೆಯನ್ನೂ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗೋದೇ ಇಲ್ಲ. ಸಾಮಾನಿನ ತೂಕ, ಕಲಸಿದ ಸಮಯ, ಗಟ್ಟಿಯಾದ ಸಮಯ, ಆ ದಿನದ ಸೆಕೆ ಅಥವಾ ಚಳಿ, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಅದೇ ಗುರುತು ಅಚ್ಚಿನ ಬೆನ್ನಿನ ಮೇಲೂ ಇರಲಿ. ಒಂದು ವಾರ ಬಿಟ್ಟು ಅಚ್ಚನ್ನು ಮತ್ತೆ ಅಳೆಯಿರಿ. ಮೊದಲ ದಿನ ಚೆನ್ನಾಗಿದ್ದದ್ದು ವಾರದಲ್ಲಿ ಕುಗ್ಗುವುದುಂಟು.

ಚಮಚದ ಲೆಕ್ಕ ಸೀಲೆಂಟಿಗೆ ನಡೆಯುತ್ತದೆ, ರೆಸಿನ್ನಿಗೆ ನಡೆಯುವುದಿಲ್ಲ. ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇರಲಿ, ಇನ್ನೂ ಸೂಕ್ಷ್ಮವಾದದ್ದಿದ್ದರೆ ಒಳ್ಳೆಯದು. ನೈಟ್ರೈಲ್ ಕೈಗವಸು, ಕನ್ನಡಕ, ಐಸ್‌ಕ್ರೀಂ ಕಡ್ಡಿ, ಹಳೇ ಬ್ರಷ್, ಮೆತ್ತನೆಯ ಪ್ಲಾಸ್ಟಿಕ್ ಲೋಟ ಬೇಕು. ಇದಕ್ಕೆ ಬಳಸಿದ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು.

ಸೀಲೆಂಟ್ ಮತ್ತು ಕಾರ್ನ್ ಫ್ಲೋರ್ ಅಚ್ಚು

ನನ್ನ ಪ್ರಕಾರ ಅಗ್ಗದ ಅಚ್ಚುಗಳಲ್ಲಿ ಇದೇ ಮೊದಲು. ಬಚ್ಚಲಿನ ಮೂಲೆ, ಸಿಂಕಿನ ಅಂಚು ಮುಚ್ಚಲು ಬಳಸುವ ಸಿಲಿಕೋನ್ ಸೀಲೆಂಟೇ ಇಲ್ಲಿ ಮುಖ್ಯ ಸಾಮಾನು. ಟ್ಯೂಬಿನ ಮೇಲೆ 100% ಸಿಲಿಕೋನ್ ಅಂತ ಇರಬೇಕು. ಒತ್ತಿದಾಗ ವಿನೆಗರ್ ವಾಸನೆ ಮೂಗಿಗೆ ಹೊಡೆಯಬೇಕು. ಆ ವಾಸನೆ ಇಲ್ಲದ ನ್ಯೂಟ್ರಲ್ ಬಗೆ ಈ ಕೆಲಸಕ್ಕೆ ನಿಧಾನ. ಮೇಲೆ ಬಣ್ಣ ಬಳಿಯಬಹುದು ಎಂದು ಬರೆದಿರುವ ಅಕ್ರಿಲಿಕ್ ಬಗೆಯಂತೂ ಬೇಡವೇ ಬೇಡ.

ಸೀಲೆಂಟ್ ಗಟ್ಟಿಯಾಗುವುದು ಗಾಳಿಯಲ್ಲಿರುವ ತೇವದಿಂದ. ಆಗ ಅದು ಅಸಿಟಿಕ್ ಆಮ್ಲ ಬಿಡುತ್ತದೆ, ವಾಸನೆ ಅದರದ್ದೇ. ತೇವ ಹೊರಗಿನಿಂದ ಒಳಕ್ಕೆ ಇಳಿಯಬೇಕು. ದಿನಕ್ಕೆ ಎರಡು ಮೂರು ಮಿಲಿಮೀಟರ್ ಇಳಿದರೆ ಹೆಚ್ಚು. ಸುಮ್ನೆ ದಪ್ಪಗೆ ಸುರಿದರೆ ಮೇಲೆ ಸಿಪ್ಪೆ ಕಟ್ಟಿ, ಒಳಗೆ ದಿನಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಕಾರ್ನ್ ಫ್ಲೋರ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆ ಹಿಟ್ಟಿನ ಕಣಕಣದಲ್ಲೂ ಸ್ವಲ್ಪ ತೇವ ಇರುತ್ತದೆ. ಅದನ್ನು ಕಲಸಿದರೆ ತೇವ ಉಂಡೆಯ ಉದ್ದಗಲಕ್ಕೂ ಹಂಚಿಹೋಗಿ, ಎಲ್ಲ ಕಡೆ ಒಟ್ಟಿಗೆ ಗಟ್ಟಿಯಾಗುತ್ತದೆ. ಈ ಮಿಶ್ರಣಕ್ಕೆ ಹವ್ಯಾಸಿಗಳು ಊಗೂ ಎಂದು ಹೆಸರಿಟ್ಟಿದ್ದಾರೆ.

ಮಾಡುವ ಕ್ರಮ ಹೀಗೆ.

1. ಮೂಲ ಮಾದರಿಯನ್ನು ನಯವಾದ ಪ್ಲಾಸ್ಟಿಕ್ ಹಲಗೆ ಮೇಲೆ ಕೂರಿಸಿ. ಅಡಿಯಲ್ಲಿ ಸಂದು ಇದ್ದರೆ ಕ್ಲೇ ತುಂಬಿ ಮುಚ್ಚಿ. ಮಾದರಿ ಹಿತ್ತಾಳೆ, ತಾಮ್ರ ಅಥವಾ ಸೀಸದ್ದಾದರೆ ಮೊದಲು ವಾರ್ನಿಷ್ ಹಚ್ಚಿ ಒಣಗಿಸಿ, ಏಕೆಂದರೆ ಆಮ್ಲ ಲೋಹವನ್ನು ತಿನ್ನುತ್ತದೆ. ಅಮೃತಶಿಲೆಗೂ ಇದೇ ಜಾಗ್ರತೆ ಬೇಕು.

2. ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಸವರಿ, ಒಣ ಬ್ರಷ್ಷಿನಿಂದ ಮತ್ತೆ ತೀಡಿ. ಕಣ್ಣಿಗೆ ಕಾಣುವಷ್ಟು ಜೆಲ್ಲಿ ಇದ್ದರೆ ಅದು ಜಾಸ್ತಿಯಾಯಿತು. ತೆಳು ಗೀರುಗಳೆಲ್ಲ ಅದರಲ್ಲೇ ತುಂಬಿಹೋಗುತ್ತವೆ.

3. ಕಿಟಕಿ ಬಾಗಿಲು ತೆಗೆಯಿರಿ, ಕೈಗವಸು ಹಾಕಿಕೊಳ್ಳಿ. ಹಿಟ್ಟು ಹಾಕದ ಸೀಲೆಂಟನ್ನು ಮಾದರಿಯ ಮೇಲೆ ಒಂದೆರಡು ಮಿಲಿಮೀಟರ್ ದಪ್ಪಕ್ಕೆ ಹಚ್ಚಿ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಬೆರಳು ಅದ್ದಿಕೊಂಡು ಮೂಲೆ ಮೂಲೆಗೆ ಒತ್ತಿ. ಅಚ್ಚಿನ ನಯವೆಲ್ಲ ಈ ಪದರದಲ್ಲೇ ಇದೆ, ಅವಸರ ಬೇಡ.

4. ಇನ್ನೊಂದು ಲೋಟದಲ್ಲಿ ಒಂದು ಪಾಲು ಸೀಲೆಂಟಿಗೆ ಒಂದು ಪಾಲು ಕಾರ್ನ್ ಫ್ಲೋರ್ ಹಾಕಿ, ಅಳತೆಯಲ್ಲಿ ಸಮ ಇದ್ದರೆ ಸಾಕು, ತೂಕ ಬೇಡ. ಕಡ್ಡಿಯಿಂದ ಒಂದೆರಡು ನಿಮಿಷ ಕಲಸಿ, ಆಮೇಲೆ ಕೈಯಲ್ಲಿ ನಾದಿ. ಕಣಕದ ಹದಕ್ಕೆ ಬರಬೇಕು. ಹಿಟ್ಟು ಎರಡು ಪಾಲಾದರೆ ಬೇಗ ಬಿಗಿಯುತ್ತದೆ, ಅಚ್ಚೂ ಬಿರುಸಾಗುತ್ತದೆ.

5. ಐದರಿಂದ ಹತ್ತು ನಿಮಿಷದೊಳಗೆ ಈ ಉಂಡೆಯನ್ನು ಮೊದಲ ಪದರದ ಮೇಲೆ ಒತ್ತಿ. ನಡುವಿನಿಂದ ಶುರು ಮಾಡಿ ಅಂಚಿನ ಕಡೆ ಹೋಗಿ, ಗಾಳಿ ಒಳಗೆ ಸಿಕ್ಕಿಕೊಳ್ಳದಿರಲಿ. ಎಲ್ಲ ಕಡೆ ಕನಿಷ್ಠ 1 ಸೆಂಟಿಮೀಟರ್ ದಪ್ಪ ಇರಬೇಕು. ಬೆನ್ನನ್ನು ಸೋಪಿನ ನೀರು ಸವರಿದ ಹಲಗೆಯಿಂದ ಒತ್ತಿ ಸಮ ಮಾಡಿ, ಎರಕ ಹೊಯ್ಯುವಾಗ ಅಚ್ಚು ಅಲುಗಾಡದೆ ಕೂರುತ್ತದೆ.

6. ಒಂದು ಗಂಟೆಯಲ್ಲಿ ಮುಟ್ಟಿದರೆ ರಬ್ಬರಿನಂತಿರುತ್ತದೆ. ಆದರೂ ಒಂದು ರಾತ್ರಿ ಬಿಡಿ. ಒಳಗಿನ ಹಿಟ್ಟಿಲ್ಲದ ಪದರಕ್ಕೆ ಸಮಯ ಬೇಕು. ಬಿಚ್ಚಿದ ಮೇಲೂ ವಿನೆಗರ್ ವಾಸನೆ ಹೋಗುವವರೆಗೆ ಗಾಳಿಗೆ ಇಟ್ಟು, ಆಮೇಲೆ ಬಳಸಿ.

ಹಿಟ್ಟು ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇದೆ. ಬೋಗುಣಿ ತುಂಬ ನೀರಿಗೆ ಪಾತ್ರೆ ಸೋಪಿನ ದ್ರವ ಧಾರಾಳವಾಗಿ ಹಾಕಿ, ಸೀಲೆಂಟನ್ನು ನೇರವಾಗಿ ಅದರೊಳಗೆ ಹಿಂಡಿ, ನೀರಿನಡಿಯಲ್ಲೇ ನಾದಿ. ಸೋಪಿನಿಂದ ಕೈಗೆ ಅಂಟುವುದಿಲ್ಲ, ನೀರಿನಿಂದ ಗಟ್ಟಿಯಾಗಲು ಶುರುವಾಗುತ್ತದೆ. ಸ್ವಲ್ಪ ಬಿಗಿ ಬಂದ ಕೂಡಲೇ ಮಾದರಿಗೆ ಒತ್ತಬೇಕು. ಹೀಗೆ ಮಾಡಿದ ಅಚ್ಚು ಹೆಚ್ಚು ಮೆದುವಾಗಿ, ಚೆನ್ನಾಗಿ ಹಿಗ್ಗುತ್ತದೆ. ಆದರೆ ಮಡಿಕೆಗಳ ನಡುವೆ ನೀರು ಉಳಿದರೆ ಅಲ್ಲಿ ಬಿರುಕು ಬಿಡುತ್ತದೆ. ಗೆರೆಗಳೇ ಮುಖ್ಯವಾದ ಕೆಲಸಕ್ಕೆ ನಾನಂತೂ ಹಿಟ್ಟಿನ ದಾರಿಯನ್ನೇ ಹೇಳುತ್ತೇನೆ.

ಹಿಟ್ಟಿನ ಅಚ್ಚಿಗೂ ಎರಡು ದೋಷಗಳಿವೆ. ತೇವದ ಜಾಗದಲ್ಲಿಟ್ಟರೆ ಬೂಷ್ಟು ಹಿಡಿಯಬಹುದು. ಪಾಲಿಯುರೆಥೇನ್ ಹೊಯ್ದರೆ ಹಿಟ್ಟಿನ ತೇವದಿಂದ ಗುಳ್ಳೆ ಏಳಬಹುದು, ಹಾಗಾಗಿ ಆ ಅಚ್ಚನ್ನು ಮೊದಲು ಚೆನ್ನಾಗಿ ಒಣಗಿಸಿಕೊಳ್ಳಬೇಕು. ಪ್ಲಾಸ್ಟರ್, ಎಪಾಕ್ಸಿ ರೆಸಿನ್, ಮೇಣ ಮೂರಕ್ಕೂ ಇದು ಒಗ್ಗುತ್ತದೆ.

ಕರಗಿಸಿ ಮತ್ತೆ ಬಳಸುವ ಜೆಲಟಿನ್

19ನೇ ಶತಮಾನದಲ್ಲಿ ಯುರೋಪಿನ ಗಾರೆ ಕೆಲಸದವರು ಸೂರಿನ ಹೂಬಳ್ಳಿ ಅಲಂಕಾರಕ್ಕೆ ಜೆಲಟಿನ್ ಅಚ್ಚು ಬಳಸುತ್ತಿದ್ದರು. ಬಗ್ಗುತ್ತದೆ, ಒಳಕ್ಕೆ ಕೊರೆದ ಜಾಗದಿಂದಲೂ ಹರಿಯದೆ ಹೊರಬರುತ್ತದೆ, ಕೆಲಸ ಮುಗಿದ ಮೇಲೆ ಕರಗಿಸಿ ಬೇರೆ ಅಚ್ಚು ಮಾಡಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಯಾವುದಿದೆ?

ಜೆಲಟಿನ್ ಪುಡಿ, ನೀರು, ಗ್ಲಿಸರಿನ್ ಮೂರನ್ನೂ ಸಮತೂಕ ತೆಗೆದುಕೊಂಡು ಶುರು ಮಾಡಿ. ಪುಡಿಯನ್ನು ತಣ್ಣೀರಲ್ಲಿ ಹತ್ತು ನಿಮಿಷ ನೆನೆಸಿ, ಗ್ಲಿಸರಿನ್ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. 60 ಡಿಗ್ರಿ ಸುತ್ತಮುತ್ತ ಸಾಕು. ಕುದಿಸಿದರೆ ಜೆಲಟಿನ್ನಿನ ಬಲ ಹೋಗುತ್ತದೆ. ಮೇಲಿನ ನೊರೆ ತೆಗೆದು, ಸ್ವಲ್ಪ ಆರಲು ಬಿಟ್ಟು, ಎಣ್ಣೆ ಸವರಿದ ಮಾದರಿಯ ಮೇಲೆ ಒಂದೇ ಮೂಲೆಯಿಂದ ನಿಧಾನಕ್ಕೆ ಹೊಯ್ಯಿರಿ. ಗ್ಲಿಸರಿನ್ ಹಾಕುವುದು ನೀರು ಬೇಗ ಆರದಿರಲಿ ಅಂತ. ಅದಿಲ್ಲದಿದ್ದರೆ ಅಚ್ಚು ಒಂದೆರಡು ದಿನದಲ್ಲೇ ಕುಗ್ಗಿ ಮುರುಟಿಕೊಳ್ಳುತ್ತದೆ.

ಇಲ್ಲಿ ಕಷ್ಟ ಬಿಸಿಯದ್ದು. ಬರೀ ನೀರಲ್ಲಿ ಕಲಸಿದ ಜೆಲಟಿನ್ 35 ಡಿಗ್ರಿ ಹತ್ತಿರ ಕರಗಲು ಶುರುವಾಗುತ್ತದೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಅದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಗ್ಲಿಸರಿನ್ ಸೇರಿದ್ದು ಸ್ವಲ್ಪ ಹೆಚ್ಚು ತಾಳಿಕೊಂಡರೂ ಒಳಮೈ ಜಿಗುಟಾಗಿ ಗೀರುಗಳು ಅಳಿಸಿಹೋಗುವುದುಂಟು. ಹಳೇ ಕೆಲಸಗಾರರು ಇದಕ್ಕೆ ಪಟಿಕ ಬಳಸುತ್ತಿದ್ದರು. ಪಟಿಕ ಕರಗಿಸಿದ ನೀರನ್ನು ಅಚ್ಚಿನ ಒಳಮೈಗೆ ಬ್ರಷ್ಷಿನಿಂದ ಹಚ್ಚಿ ಆರಿಸಿದರೆ ಮೈ ಗಟ್ಟಿಯಾಗುತ್ತದೆ. ಅದರ ಮೇಲೆ ತೆಳ್ಳಗೆ ಎಣ್ಣೆ. ಇದರ ಜೊತೆ ಅಚ್ಚನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿಕೊಂಡು ಹೊಯ್ದರೆ ತೆಳುವಾದ ವಸ್ತುಗಳು ಚೆನ್ನಾಗಿ ಬರುತ್ತವೆ. ದಪ್ಪ ವಸ್ತುವಿಗೆ ಜೆಲಟಿನ್ ಸಹವಾಸ ಬೇಡ.

ದಪ್ಪದ್ದೇ ಬೇಕಾದರೆ ಅಗರ್ ನೋಡಿ. ಇದು ಕಡಲಪಾಚಿಯಿಂದ ತೆಗೆದ ಪುಡಿ. ಕರಗಲು 85 ಡಿಗ್ರಿ ಬೇಕು, ಆದರೆ ಮತ್ತೆ ಹೆಪ್ಪುಗಟ್ಟುವುದು 40 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ. ಒಮ್ಮೆ ಹೆಪ್ಪುಗಟ್ಟಿದರೆ ಪ್ಲಾಸ್ಟರಿನ ಬಿಸಿಗೆ ಜಗ್ಗುವುದಿಲ್ಲ. ಆದರೆ ಬಗ್ಗಿಸಿದರೆ ಫಟ್ಟನೆ ಒಡೆಯುತ್ತದೆ, ಇಟ್ಟರೆ ನೀರು ಬಿಟ್ಟು ಕುಗ್ಗುತ್ತದೆ. ಅದೇ ದಿನ ಬಳಸಿ ಮುಗಿಸಬೇಕು.

ಬಿಸಿನೀರಲ್ಲಿ ಮೆತ್ತಗಾಗುವ ಅಚ್ಚು, ಮತ್ತೆರಡು ಬಗೆ

ಬಿಸಿನೀರಲ್ಲಿ ಅದ್ದಿದರೆ ಮೆತ್ತಗಾಗಿ, ತಣ್ಣಗಾದ ಮೇಲೆ ರಬ್ಬರಿನಂತೆ ಬಿಗಿಯುವ ಪ್ಲಾಸ್ಟಿಕ್ ಕಡ್ಡಿಗಳು ಹವ್ಯಾಸದ ಅಂಗಡಿಗಳಲ್ಲಿ ಸಿಗುತ್ತವೆ. 80 ಡಿಗ್ರಿ ಹತ್ತಿರದ ನೀರು ಬೇಕು. ಮೆತ್ತಗಾದ ತುಂಡನ್ನು ಒರೆಸಿ, ಮಾದರಿಗೆ ಬಲವಾಗಿ ಒತ್ತಿ, ತಣ್ಣೀರಿಗೆ ಹಾಕಿ. ಐದು ನಿಮಿಷದಲ್ಲಿ ಅಚ್ಚು ಕೈಯಲ್ಲಿ. ಕತ್ತಿಯ ಹಿಡಿ, ಗುರಾಣಿ, ಬಾಗಿಲ ಚಿಲಕದಂಥ ಚಿಕ್ಕ ವಸ್ತುಗಳಿಗೆ ಇದನ್ನು ಮೀರಿಸುವುದು ಕಷ್ಟ. ಎರಡು ಭಾಗದ ಎಪಾಕ್ಸಿ ಪುಟ್ಟಿಯನ್ನು ಒಳಗೆ ಒತ್ತಿ ತುಂಬಿದರೆ ಎರಕ ತಯಾರು. ಬೇಡವಾದಾಗ ಮತ್ತೆ ಬಿಸಿನೀರಿಗೆ ಹಾಕಿ ಇನ್ನೊಂದು ಅಚ್ಚು ಮಾಡಿ. ಮಾದರಿ ಮೇಣದ್ದಾದರೆ ಅಥವಾ ತೆಳು ಪ್ಲಾಸ್ಟಿಕ್ಕಿನದಾದರೆ ಈ ಬಿಸಿಗೆ ಸೊಟ್ಟಗಾಗುತ್ತದೆ, ಅದೊಂದು ನೋಡಿಕೊಳ್ಳಿ.

ಹಲ್ಲಿನ ಡಾಕ್ಟರು ಬಳಸುವ ಆಲ್ಜಿನೇಟ್ ಪುಡಿಯೂ ಅಚ್ಚಿಗೆ ಆಗುತ್ತದೆ. ನೀರಲ್ಲಿ ಕಲಸಿದ ಎರಡರಿಂದ ಐದು ನಿಮಿಷಕ್ಕೆ ಹೆಪ್ಪುಗಟ್ಟುತ್ತದೆ, ಚರ್ಮದ ಗೆರೆಯನ್ನೂ ಎತ್ತುತ್ತದೆ. ಆದರೆ ಕೂಡಲೇ ನೀರು ಬಿಟ್ಟು ಕುಗ್ಗಲು ಶುರುಮಾಡುತ್ತದೆ, ತಡಮಾಡದೆ ಪ್ಲಾಸ್ಟರ್ ಹೊಯ್ಯಬೇಕು. ಸಾಮಾನ್ಯವಾಗಿ ಒಂದು ಅಚ್ಚಿಗೆ ಒಂದೇ ಎರಕ.

ಲೇಟೆಕ್ಸ್, ಅಂದರೆ ಹಾಲಿನಂಥ ದ್ರವ ರಬ್ಬರ್, ತಾಳ್ಮೆಯ ಕೆಲಸ. ಪದರ ಪದರವಾಗಿ ಬಳಿಯಬೇಕು, ಪ್ರತಿ ಪದರವೂ ಹಾಲಿನ ಬಿಳುಪು ಹೋಗುವವರೆಗೆ ಒಣಗಬೇಕು, ಅಂಥ ಹತ್ತಾದರೂ ಪದರ ಬೇಕು. ಪೆಟ್ರೋಲಿಯಂ ಜೆಲ್ಲಿ ಮತ್ತು ಎಣ್ಣೆ ಲೇಟೆಕ್ಸನ್ನು ಕೆಡಿಸುತ್ತವೆ, ತಾಮ್ರವೂ ಕೆಡಿಸುತ್ತದೆ. ಇಲ್ಲಿ ಸೋಪನ್ನೇ ಬಳಸಿ. ತೆಳ್ಳಗಿನ ಈ ಚೀಲ ತಾನಾಗಿ ನಿಲ್ಲುವುದಿಲ್ಲ, ಹೊರಗಿನಿಂದ ಪ್ಲಾಸ್ಟರಿನ ಕವಚ ಕಟ್ಟಬೇಕು. ಬಂಡೆ, ಮರದ ತೊಗಟೆಯಂಥ ದೊಡ್ಡ ಮೈಗೆ ಇದು ಲಾಯಕ್ಕು.

ಪಿಓಪಿ ಎರಕ: ಹದ ಸಿಕ್ಕರೆ ಅರ್ಧ ಕೆಲಸ ಮುಗಿಯಿತು

ಎರಕದಲ್ಲಿ ಎಲ್ಲರೂ ಶುರುಮಾಡುವುದು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿಗೆ ಕಾಯಿಸಿ ನೀರಿನ ಹೆಚ್ಚಿನ ಪಾಲನ್ನು ಹೊರಹಾಕಿದ ಪುಡಿ ಅದು. ನಾವು ನೀರು ಹಾಕಿದಾಗ ಕಳೆದುಕೊಂಡ ನೀರನ್ನು ವಾಪಸ್ ಹೀರಿ ಮತ್ತೆ ಜಿಪ್ಸಂ ಆಗುತ್ತದೆ, ಆಗಲೇ ಬಿಸಿ ಹುಟ್ಟುವುದು. ಹೀಗೆ ಮತ್ತೆ ಜಿಪ್ಸಂ ಆಗಲು 100 ಗ್ರಾಂ ಪುಡಿಗೆ ನಿಜಕ್ಕೂ ಬೇಕಾಗುವ ನೀರು 19 ಮಿಲಿಲೀಟರಿಗಿಂತ ಕಡಿಮೆ. ಹೊಯ್ಯಲು ಬರುವಂತೆ ತೆಳುವಾಗಲಿ ಅಂತ ನಾವು 60ರಿಂದ 70 ಹಾಕುತ್ತೇವೆ. ಹೆಚ್ಚುವರಿ ನೀರು ಆಮೇಲೆ ಆರಿಹೋಗಿ ಅಲ್ಲೆಲ್ಲ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ. ಅದಕ್ಕೇ ನೀರು ಜಾಸ್ತಿಯಾದಷ್ಟೂ ಎರಕ ಪುಡಿಪುಡಿ.

ಎಷ್ಟು ಕಲಸಬೇಕು? ಸಿಲಿಕೋನ್ ಅಚ್ಚಿಗೆ ನೀರು ತುಂಬಿ, ಅದನ್ನು ಅಳತೆ ಲೋಟಕ್ಕೆ ಸುರಿದು ನೋಡಿ. 100 ಗ್ರಾಂ ಪುಡಿಗೆ 60 ಮಿಲಿ ನೀರು ಹಾಕಿದರೆ ಹೆಚ್ಚುಕಡಿಮೆ 100 ಮಿಲಿ ಮಿಶ್ರಣ ಸಿಗುತ್ತದೆ. ಅಂದರೆ ಅಚ್ಚಿನಲ್ಲಿ ಎಷ್ಟು ಮಿಲಿ ಹಿಡಿಯಿತೋ ಅಷ್ಟೇ ಗ್ರಾಂ ಪುಡಿ. ಲೆಕ್ಕ ಇಷ್ಟು ಸುಲಭ. ಚೆಲ್ಲುವುದಕ್ಕೆ ಅಂತ ಒಂದು ಹಿಡಿ ಜಾಸ್ತಿ ಇಟ್ಟುಕೊಳ್ಳಿ.

ಮೊದಲು ನೀರು, ಆಮೇಲೆ ಪುಡಿ. ಯಾವತ್ತೂ ಹೀಗೆಯೇ. ಪುಡಿಯನ್ನು ಬೆರಳ ಸಂದಿಯಿಂದ ನೀರಿನ ಮೇಲೆಲ್ಲ ಉದುರಿಸುತ್ತಾ ಹೋಗಿ. ಮೊದಲು ಮುಳುಗುತ್ತದೆ, ಕೊನೆಕೊನೆಗೆ ಮೇಲೆ ಒಣ ದಿಬ್ಬಗಳು ನಿಲ್ಲುತ್ತವೆ. ಆಗ ಕೈ ಹಚ್ಚದೆ ಒಂದೆರಡು ನಿಮಿಷ ಬಿಡಿ. ದಿಬ್ಬಗಳು ತಾವಾಗಿ ನೆನೆದು ಬಣ್ಣ ಬದಲಾಗುತ್ತವೆ, ಒಳಗಿನ ಗಾಳಿ ಗುಳುಗುಳು ಅಂತ ಹೊರಬರುತ್ತದೆ. ಆಮೇಲೆ ಕಡ್ಡಿಯನ್ನು ತಳಕ್ಕೆ ತಾಗಿಸಿಕೊಂಡು ಒಂದು ನಿಮಿಷ ನಿಧಾನಕ್ಕೆ ತಿರುಗಿಸಿ. ಕಡೆದರೆ ಗಾಳಿ ಸೇರುತ್ತದೆ. ಲೋಟವನ್ನು ಮೇಜಿಗೆ ಮೆಲ್ಲಗೆ ಕುಟ್ಟಿದರೆ ಉಳಿದ ಗುಳ್ಳೆ ಮೇಲೆ ಬರುತ್ತವೆ.

ಹೊಯ್ಯುವ ಮುಂಚೆ ಅಚ್ಚಿನ ಒಳಮೈ ನೋಡಿ. ಸಿಲಿಕೋನ್ ನೀರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಪ್ಲಾಸ್ಟರ್ ಮೂಲೆಗೆ ಇಳಿಯದೆ ಅಲ್ಲೊಂದು ಗುಳ್ಳೆ ಕೂರುತ್ತದೆ. ಬೊಂಬೆಯ ಮೂಗಿನ ತುದಿ ಬಾರದಿರುವುದಕ್ಕೆ ಬಹುಪಾಲು ಇದೇ ಕಾರಣ. ಒಂದು ಲೋಟ ನೀರಿಗೆ ಒಂದೆರಡು ಹನಿ ಪಾತ್ರೆ ಸೋಪು ಹಾಕಿ, ಆ ನೀರನ್ನು ಅಚ್ಚಿನೊಳಗೆ ಬಳಿದು, ಹೆಚ್ಚಾದದ್ದನ್ನು ಊದಿ ತೆಗೆಯಿರಿ. ನಂತರ ಸ್ವಲ್ಪ ಪ್ಲಾಸ್ಟರನ್ನು ಬ್ರಷ್ಷಿನಿಂದ ಮೂಲೆಮೂಲೆಗೆ ಹಚ್ಚಿ, ಆಮೇಲೆ ಉಳಿದದ್ದನ್ನು ಒಂದೇ ಬದಿಯಿಂದ ಸಣ್ಣ ಧಾರೆಯಾಗಿ ಹೊಯ್ಯಿರಿ. ಧಾರೆ ಸಣ್ಣಗಿದ್ದರೆ ಗುಳ್ಳೆ ಬೀಳುವ ದಾರಿಯಲ್ಲೇ ಒಡೆಯುತ್ತದೆ.

ಹತ್ತಿಪ್ಪತ್ತು ನಿಮಿಷದಲ್ಲಿ ಬಿಗಿಯುತ್ತದೆ, ಆಮೇಲೆ ಬಿಸಿಯೇರುತ್ತದೆ. ಬಿಸಿ ಏರಿ ಮತ್ತೆ ಇಳಿದ ಮೇಲೆ ಬಿಚ್ಚಿ. ಸಾಧಾರಣವಾಗಿ ಮುಕ್ಕಾಲು ಗಂಟೆ ಸಾಕು. ಬಿಚ್ಚುವಾಗ ಎರಕವನ್ನು ಎಳೆಯಬೇಡಿ, ಅಚ್ಚನ್ನು ಅದರಿಂದ ಸುಲಿಯಿರಿ. ಈಗಲೇ ಬಣ್ಣ ಬಳಿಯಲು ಹೋಗಬೇಡಿ. ಒಳಗೆ ಇನ್ನೂ ನೀರಿದೆ. ಕೆನ್ನೆಗೆ ತಾಗಿಸಿ ನೋಡಿ, ತಣ್ಣಗೆ ಅನಿಸಿದರೆ ಹಸಿ ಇದೆ. ನಂಬಿಕೆ ಬಾರದಿದ್ದರೆ ತೂಗಿ. ಎರಡು ದಿನ ಒಂದೇ ತೂಕ ತೋರಿಸಿದರೆ ಒಣಗಿದಂತೆ.

ಪ್ರಯೋಗಕ್ಕೆ ಇಲ್ಲಿ ಬೇಕಾದಷ್ಟು ಅವಕಾಶ ಇದೆ. ಚಿಟಿಕೆ ಉಪ್ಪು ಹಾಕಿದರೆ ಬೇಗ ಗಟ್ಟಿ, ಆದರೆ ಬಲ ಕಡಿಮೆ, ಆಮೇಲೆ ಮೈಮೇಲೆ ಬಿಳಿ ಪುಡಿ ಮೂಡಬಹುದು. ಅದಕ್ಕಿಂತ ಹಳೇ ಎರಕವನ್ನು ನುಣ್ಣಗೆ ಅರೆದು ಚಿಟಿಕೆ ಸೇರಿಸುವುದು ವಾಸಿ. ಆ ಹರಳುಗಳ ಸುತ್ತ ಹೊಸ ಹರಳು ಬೇಗ ಬೆಳೆಯುತ್ತವೆ. ಇದೇ ಕಾರಣಕ್ಕೆ ಸರಿಯಾಗಿ ತೊಳೆಯದ ಲೋಟದಲ್ಲಿ ಕಲಸಿದ ಪ್ಲಾಸ್ಟರ್ ಕೈ ಕೊಡುತ್ತದೆ. ನಿಧಾನ ಬೇಕಾದರೆ ನೀರಿಗೆ ಚೂರು ಸಿಟ್ರಿಕ್ ಆಮ್ಲ ಹಾಕಿ. ನೀರಲ್ಲಿ ಹತ್ತನೇ ಒಂದು ಪಾಲು ಬಿಳಿ ಮರಗೆಲಸದ ಅಂಟು ಬೆರೆಸಿದರೆ ಅಂಚು ಸುಲಭಕ್ಕೆ ಚಕ್ಕೆ ಏಳುವುದಿಲ್ಲ, ಬಿಗಿಯಲು ಮಾತ್ರ ಜಾಸ್ತಿ ಹೊತ್ತು ಹಿಡಿಯುತ್ತದೆ.

ಪಿಓಪಿಯಲ್ಲಿ ಕೈ ಕೂತ ಮೇಲೆ ಡೆಂಟಲ್ ಸ್ಟೋನ್‌ಗೆ ಬನ್ನಿ. ಅದೂ ಅದೇ ಜಿಪ್ಸಂ ಪುಡಿ, ಆದರೆ ಹರಳು ಗಟ್ಟಿ ಮತ್ತು ಒತ್ತಾಗಿರುವುದರಿಂದ 100 ಗ್ರಾಮಿಗೆ 30 ಮಿಲಿ ನೀರು ಸಾಕು. ಉಗುರಲ್ಲಿ ಕೆರೆದರೂ ಗೀರು ಬೀಳದಷ್ಟು ಗಟ್ಟಿ. ಇಟ್ಟಿಗೆ, ಕಂಬ, ಮೆಟ್ಟಿಲುಗಳಿಗೆ ಇದರ ಮುಂದೆ ಸಾದಾ ಪಿಓಪಿ ಸಪ್ಪೆ.

ಒಂದು ಮಾತು ಮರೆಯಬೇಡಿ. ಪ್ಲಾಸ್ಟರಿನಲ್ಲಿ ಕೈಯನ್ನೋ ಬೆರಳನ್ನೋ ಮುಳುಗಿಸಿ ಅಚ್ಚು ತೆಗೆಯಲು ಹೋಗಬಾರದು. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರಲ್ಲಿ ಹೀಗೆ ಮಾಡಿದ ಹುಡುಗಿಯೊಬ್ಬಳು ಸುಟ್ಟಗಾಯದಿಂದ ಹೆಚ್ಚಿನ ಬೆರಳುಗಳನ್ನೇ ಕಳೆದುಕೊಂಡಳು. ದಪ್ಪ ಪ್ಲಾಸ್ಟರ್ 60 ಡಿಗ್ರಿ ಮುಟ್ಟಬಲ್ಲದು, ಬಿಗಿದ ಮೇಲೆ ಕೈ ಹೊರಗೆ ಬರುವುದೂ ಇಲ್ಲ. ಕೈಯ ಅಚ್ಚಿಗೆ ಆಲ್ಜಿನೇಟ್ ಇದೆಯಲ್ಲ. ಇನ್ನು ಉಳಿದ ಪ್ಲಾಸ್ಟರನ್ನು ಸಿಂಕಿಗೆ ಸುರಿಯಬೇಡಿ, ಕೊಳವೆಯೊಳಗೂ ಅದು ಕಲ್ಲಾಗುತ್ತದೆ. ಲೋಟದಲ್ಲೇ ಬಿಟ್ಟು, ಗಟ್ಟಿಯಾದ ಮೇಲೆ ಲೋಟ ಹಿಂಡಿದರೆ ತುಂಡಾಗಿ ಉದುರುತ್ತದೆ.

ರೆಸಿನ್: ಸ್ವಲ್ಪ ಬಳಸಿ, ಹುಷಾರಾಗಿ ಬಳಸಿ

ತೆಳುವಾದ ಕಂಬಿ, ಚಕ್ರದ ಅರ, ಆಂಟೆನಾ ಇವೆಲ್ಲ ಪ್ಲಾಸ್ಟರಿನಲ್ಲಿ ನಿಲ್ಲುವುದಿಲ್ಲ. ಅಲ್ಲಿ ಎಪಾಕ್ಸಿ ಬೇಕು. ರೆಸಿನ್ನಿಗೂ ಅದನ್ನು ಗಟ್ಟಿಮಾಡುವ ಹಾರ್ಡನರಿಗೂ ಕಂಪನಿ ಹೇಳಿದ ಪ್ರಮಾಣವನ್ನು ಚಾಚೂತಪ್ಪದೆ ಪಾಲಿಸಿ. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅನ್ನೋದು ಎಪಾಕ್ಸಿಯಲ್ಲಿ ಸುಳ್ಳು, ಜಿಗುಟಾಗಿ ಉಳಿಯುತ್ತದೆ ಅಷ್ಟೇ. ಪ್ರಮಾಣ ತೂಕದ್ದೋ ಅಳತೆಯದ್ದೋ ಅಂತಲೂ ಓದಿ, ಎರಡೂ ಒಂದೇ ಅಲ್ಲ. ಲೋಟದ ಗೋಡೆ, ತಳ ಎಲ್ಲ ಕೆರೆದು ಕಲಸಿ, ಇನ್ನೊಂದು ಶುದ್ಧ ಲೋಟಕ್ಕೆ ಸುರಿದು ಮತ್ತೊಮ್ಮೆ ಕಲಸಿ. ಅಂಟಂಟು ಕಲೆ ಉಳಿಯುವುದು ಗೋಡೆಗಂಟಿದ ಕಲಸದ ರೆಸಿನ್ನಿನಿಂದ.

ಖರ್ಚು ಇಳಿಸಲು ಟಾಲ್ಕ್ ಪುಡಿಯನ್ನೋ ಅಮೃತಶಿಲೆ ಪುಡಿಯನ್ನೋ ಸೇರಿಸಬಹುದು. ಕುಗ್ಗುವುದೂ ಬಿಸಿಯೇರುವುದೂ ಕಡಿಮೆಯಾಗುತ್ತವೆ, ಮರಳು ಕಾಗದದಲ್ಲಿ ಉಜ್ಜುವುದೂ ಸುಲಭ. ಪುಡಿ ಪೂರ್ತಿ ಒಣಗಿರಬೇಕು. ಹೊಯ್ಯಲು ಬರದಷ್ಟು ಮಂದವಾದರೆ ಗುಳ್ಳೆ ಹೊರಬರಲು ದಾರಿಯಿಲ್ಲ, ಅಲ್ಲಿಗೆ ನಿಲ್ಲಿಸಿ. ಕಲಸಿದ ಎಪಾಕ್ಸಿ ಲೋಟದಲ್ಲಿ ದಪ್ಪಗೆ ನಿಂತರೆ ತನ್ನ ಬಿಸಿಗೆ ತಾನೇ ಹೊಗೆಯಾಡಬಹುದು. ಕಲಸಿದ ಮೇಲೆ ಫೋನ್ ನೋಡುತ್ತಾ ಕೂರಬೇಡಿ.

ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಹತ್ತಿಕೊಳ್ಳುತ್ತದೆ, ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಕೈಗೆ ಅಂಟಿದರೆ ಥಿನ್ನರಿನಲ್ಲಿ ತೊಳೆಯದೆ ಸೋಪು ನೀರಿನಲ್ಲಿ ತೊಳೆಯಿರಿ. ಗಟ್ಟಿಯಾದ ರೆಸಿನ್ನನ್ನು ನೀರು ಹಾಕಿಕೊಂಡು ಉಜ್ಜಿ, ಧೂಳು ಏಳದಿರಲಿ.

ಪಾಲಿಯೆಸ್ಟರ್ ರೆಸಿನ್ ಎಪಾಕ್ಸಿಗಿಂತ ಅಗ್ಗ. ಆದರೆ ಮನೆಯೊಳಗೆ ಅದು ಬೇಡ ಅಂತಲೇ ನನ್ನ ಸಲಹೆ. ಅದರಲ್ಲಿರುವ ಸ್ಟೈರೀನ್ ಎಂಬ ದ್ರವದ ವಾಸನೆ ತಲೆ ಸಿಡಿಸುತ್ತದೆ. ಅದೇ ಸ್ಟೈರೀನ್ ಥರ್ಮಾಕೋಲ್ ಲೋಟವನ್ನು ಕರಗಿಸುತ್ತದೆ, ಸಿಲಿಕೋನ್ ಅಚ್ಚಿನ ಆಯಸ್ಸನ್ನೂ ತಿನ್ನುತ್ತದೆ. ಎರಕವೂ ಎದ್ದು ಕಾಣುವಷ್ಟು ಕುಗ್ಗುತ್ತದೆ. ಅದರ ಹಾರ್ಡನರ್ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೇ ಅಪಾಯ. ಕೋಬಾಲ್ಟ್ ಆಕ್ಸಿಲರೇಟರ್ (ಬೇಗ ಗಟ್ಟಿಯಾಗಲು ಹಾಕುವ ದ್ರವ) ಪ್ರತ್ಯೇಕವಾಗಿ ಬಂದಿದ್ದರೆ ಅದನ್ನೂ ಹಾರ್ಡನರನ್ನೂ ನೇರವಾಗಿ ಎಂದಿಗೂ ಬೆರೆಸಬಾರದು, ಹೊತ್ತಿಕೊಂಡು ಸಿಡಿಯುತ್ತದೆ.

ಎರಡು ಹೋಳಿನ ಅಚ್ಚು

ಇಟ್ಟಿಗೆಗೆ ಹಿಂಬದಿ ಚಪ್ಪಟೆ ಇದ್ದರೆ ನಡೆಯುತ್ತದೆ. ಸುತ್ತಲೂ ಆಕಾರ ಇರುವ ಬೊಂಬೆಗೆ ಎರಡು ಹೋಳು ಬೇಕು. ಮಾದರಿಯನ್ನು ಕ್ಲೇ ಒಳಗೆ ಅರ್ಧ ಹೂಳಿ. ಬೊಂಬೆಯ ಬದಿಯಲ್ಲಿ ಎದ್ದು ಕಾಣದ ಕಡೆ ಆ ಗೆರೆ ಬರಲಿ. ಕ್ಲೇ ಮತ್ತು ಮಾದರಿ ಕೂಡುವ ಅಂಚನ್ನು ಚೂಪು ಕಡ್ಡಿಯಿಂದ ತೀಡಿ ಸಂದಿಲ್ಲದಂತೆ ಮಾಡಿ. ಎರಕದ ಮೇಲೆ ಕಾಣುವ ಜೋಡು ಗೆರೆ ಎಷ್ಟು ತೆಳ್ಳಗಿರುತ್ತದೆ ಅನ್ನೋದು ಈ ತೀಡುವಿಕೆ ಮೇಲೆ ನಿಂತಿದೆ. ಪೆನ್ನಿನ ಹಿಂಬದಿಯಿಂದ ಕ್ಲೇ ಮೇಲೆ ಮೂರು ನಾಲ್ಕು ಗುಳಿ ಒತ್ತಿ, ಎರಡು ಹೋಳು ಸರಿಯಾಗಿ ಕೂರಲು ಅವೇ ಗುರುತು.

ಮೊದಲ ಹೋಳು ಗಟ್ಟಿಯಾದ ಮೇಲೆ ತಿರುಗಿಸಿ, ಮಾದರಿಯನ್ನು ಅಲುಗಿಸದೆ ಕ್ಲೇ ಮಾತ್ರ ತೆಗೆಯಿರಿ. ಈಗ ಕಾಣುವ ಸಿಲಿಕೋನ್ ಮೈಗೆ ಎಲ್ಲೂ ಬಿಡದೆ ಪೆಟ್ರೋಲಿಯಂ ಜೆಲ್ಲಿ ಸವರಿ. ಬಿಟ್ಟ ಜಾಗದಲ್ಲಿ ಎರಡೂ ಹೋಳು ಕೂಡಿಕೊಳ್ಳುತ್ತವೆ, ಮತ್ತೆ ಬಿಡಿಸಲು ಚಾಕುವೇ ಗತಿ. ಅದರ ಮೇಲೆ ಎರಡನೇ ಹೋಳು ಮಾಡಿ.

ಹೊಯ್ಯುವ ದಾರಿ ಬೊಂಬೆಯ ಪಾದದ ಕಡೆ ಇರಲಿ. ತಲೆಕೆಳಗಾಗಿ ನಿಲ್ಲಿಸಿ ಹೊಯ್ದಾಗ ಮೊದಲು ತಲೆ ತುಂಬುತ್ತದೆ. ಚಾಚಿದ ಕೈ, ಕತ್ತಿಯ ತುದಿ ಹೀಗೆ ಗಾಳಿ ಸಿಕ್ಕಿಬೀಳುವ ಜಾಗದಿಂದ ಮೇಲಕ್ಕೆ ಒಂದೊಂದು ಸಣ್ಣ ಕಾಲುವೆ ಕೊರೆಯಿರಿ. ಹೋಳುಗಳನ್ನು ಎರಡು ಹಲಗೆ ನಡುವೆ ಇಟ್ಟು ರಬ್ಬರ್ ಬ್ಯಾಂಡ್ ಹಾಕಿ, ತೀರಾ ಬಿಗಿಯಾದರೆ ಬೊಂಬೆ ಚಪ್ಪಟೆಯಾಗುತ್ತದೆ.

ಒಳ್ಳೆಯ ಸಿಲಿಕೋನ್ ಯಾವಾಗ?

ಹತ್ತಾರು ನಕಲು ಬೇಕಾದಾಗ, ಕೂದಲಿನಷ್ಟು ಗೆರೆಯೂ ಬರಬೇಕಾದಾಗ ಎರಡು ಭಾಗದ ಮೋಲ್ಡಿಂಗ್ ಸಿಲಿಕೋನ್ ಕೊಳ್ಳಿ. ಗಟ್ಟಿಮಾಡುವ ವಸ್ತುವಿನಲ್ಲಿ ಯಾವ ಲೋಹ ಇದೆ ಎನ್ನುವುದರ ಮೇಲೆ ಇದರಲ್ಲಿ ಎರಡು ಬಗೆ. ಟಿನ್ (ತವರ) ಬಗೆಯದು ಅಗ್ಗ, ಹಟ ಕಮ್ಮಿ, ಕಾಲ ಕಳೆದಂತೆ ಸ್ವಲ್ಪ ಕುಗ್ಗುತ್ತದೆ. ಪ್ಲಾಟಿನಂ ಬಗೆಯದು ಅಳತೆ ಬಿಡುವುದಿಲ್ಲ, ಆದರೆ ಗಂಧಕ ಇರುವ ಕ್ಲೇ, ಲೇಟೆಕ್ಸ್ ಕೈಗವಸು, ಕೆಲವು 3ಡಿ ಪ್ರಿಂಟ್ ರೆಸಿನ್‌ಗಳು ತಾಗಿದ ಕಡೆ ಗಟ್ಟಿಯಾಗದೆ ಅಂಟಾಗಿಯೇ ಉಳಿಯುತ್ತದೆ. ಮೊದಲು ಒಂದು ಹನಿ ಹಾಕಿ ನೋಡಿ. ಖರ್ಚು ಉಳಿಸಬೇಕಾದರೆ ಹಳೇ ಸಿಲಿಕೋನ್ ಅಚ್ಚನ್ನು ತುಂಡು ಮಾಡಿ, ಮಾದರಿಗೆ ತಾಗದಂತೆ ಹೊಸದರ ಬೆನ್ನಿಗೆ ತುಂಬಿ. ಸಿಲಿಕೋನಿಗೆ ಸಿಲಿಕೋನ್ ಅಂಟುವುದು ಇಲ್ಲಿ ಲಾಭಕ್ಕೆ ಬಂತು. ಹೊಸ ಬಗೆಗೆ ಅದೇ ಬಗೆಯ ಹಳೆಯದನ್ನೇ ಬಳಸಿ. ಇನ್ನು ಕೊಂಡ ಕಿಟ್‌ಗಳ ಭಾಗಗಳನ್ನು ಅಚ್ಚು ಹಾಕಿ ಮಾರುವುದು ಕಾನೂನಿನ ತೊಡಕಿನ ವಿಷಯ. ನೀವೇ ಕೆತ್ತಿದ್ದಕ್ಕೆ ಯಾರ ತಕರಾರೂ ಇಲ್ಲ.

ಅಚ್ಚು ಎತ್ತಿಡುವುದು

ಸಿಲಿಕೋನ್ ಅಚ್ಚನ್ನು ಸೋಪು ನೀರಲ್ಲಿ ತೊಳೆದು, ಒಣಗಿಸಿ, ಒಳಗೆ ಒಂದು ಎರಕ ಇಟ್ಟೇ ಎತ್ತಿಡಿ, ಆಕಾರ ಸೊಟ್ಟಗಾಗುವುದಿಲ್ಲ. ಮೇಲೆ ಭಾರ ಹೇರಬೇಡಿ. ಪಿಓಪಿ ಪುಡಿಯನ್ನು ಗಾಳಿಯಾಡದ ಡಬ್ಬದಲ್ಲಿಡಿ, ತೇವ ಕುಡಿದು ಹಳತಾದ ಪುಡಿ ಸರಿಯಾಗಿ ಬಿಗಿಯುವುದಿಲ್ಲ. ಅರ್ಧ ಉಳಿದ ಸೀಲೆಂಟ್ ಟ್ಯೂಬಿನ ಮೂತಿಗೆ ಉದ್ದನೆ ತಿರುಪು ಮೊಳೆ ತುರುಕಿ. ಮುಂದಿನ ಸಲ ಮೊಳೆ ಎಳೆದರೆ ಗಟ್ಟಿಯಾದದ್ದೆಲ್ಲ ಅದರ ಜೊತೆಗೇ ಬರುತ್ತದೆ. ಜೆಲಟಿನ್ ಅಚ್ಚನ್ನು ಕಾಪಾಡುವ ಗೋಜು ಬೇಡ, ತುಂಡು ಮಾಡಿ ಮುಚ್ಚಳದ ಡಬ್ಬದಲ್ಲಿ ಫ್ರಿಜ್ಜಿಗಿಟ್ಟು, ಬೇಕಾದಾಗ ಕರಗಿಸಿಕೊಂಡರಾಯಿತು.